ಒತ್ತಕ್ಷರ

ಕುಸುಮಾ ಕೀಲಿಮಣೆ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು:
"ಚಿತ್ರದುರ್ಗಕ್ಕೆ ಯಾಕೆ ಹೋಗ್ಬೇಕು?"
ಒಬ್ಬರು ತೀರಿಕೊಂಡಿದ್ದಾರೆ, ಅಂದೆ.
"ಅವರು ನಿಮಗೇನಾಗಬೇಕು?"

ಆ ಖಾನೆಗೆ ನನ್ನ ಹತ್ತಿರ ಪದ ಇರಲಿಲ್ಲ.

ಎಂಬತ್ನಾಲ್ಕರಲ್ಲಿ ಅಟಾರಿ ದಾಟಿ
ನಾಲ್ಕು ರೈಲು ಬದಲಿಸಿ
ಸೋದರತ್ತೆಯ ಮಗನನ್ನು ಕಟ್ಟಿಕೊಳ್ಳಲು ಬಂದಾಗ
ಪೆಟ್ಟಿಗೆಯಲ್ಲಿ ಹನ್ನೊಂದು ಜೊತೆ ಬಟ್ಟೆ,
ಹಸಿರು ರಟ್ಟಿನ ಒಂದು ಪುಸ್ತಕ.
ಕರಾಚಿಯ ಲಾಲುಖೇತಿನಲ್ಲಿ ಯಾರೂ ಹೇಳಿರಲಿಲ್ಲ
ದಾವಣಗೆರೆ ಅಂದರೆ ಮಂಡಕ್ಕಿ ಭಟ್ಟಿ ಅಂತ,
ಕಾದ ಮರಳಿಗೆ ಬಿದ್ದ ಅಕ್ಕಿ
ಬೆಚ್ಚಿಬಿದ್ದೇ ದಪ್ಪಗಾಗುತ್ತದೆ ಅಂತ.

ಆಗ ನಮ್ಮದು ಬರೀ ತಾಲ್ಲೂಕು.
ವರ್ಷವರ್ಷ ವೀಸಾ ಹೊತ್ತುಕೊಂಡು ದುರ್ಗದ ಎಸ್ಪಿ ಆಫೀಸು,
ಕಿಟಕಿ ಪಕ್ಕದ ಬೆಂಚು. ಸಾಹೇಬರು ಊಟಕ್ಕೆ,
ಊಟ ಆದರೆ ಮೀಟಿಂಗು, ಅದಿಲ್ಲದಿದ್ದರೆ ಬಂದೋಬಸ್ತು.
ಹೆಡ್ ಕಾನ್‌ಸ್ಟೇಬಲ್ ತಿಪ್ಪೇರುದ್ರಪ್ಪ
ನನ್ನ ಹೆಸರನ್ನು ಮೂರು ಕಡತದಲ್ಲಿ ಮೂರು ಥರ ಬರೆದಿದ್ದರು.
ಆ ಮೂವರೂ ನಾನೊಬ್ಬಳೇ ಅಂತ
ಐದು ರೂಪಾಯಿ ಛಾಪಾ ಕಾಗದದ ಮೇಲೆ
ಪ್ರಮಾಣ ಮಾಡಿದ್ದೇನೆ.

ನನ್ನ ಉರ್ದು ಸಹಿ ಸಾಹೇಬರಿಗೆ ಓದಲು ಬಾರದು,
ಹೆಬ್ಬೆಟ್ಟು ಒತ್ತಿಸು ಅಂದಿದ್ದರು.
ಮಸಿ ಹಚ್ಚಲು ಬಂದವರು ಕೈ ತಡೆದರು:
"ಹತ್ತನೆ ಕ್ಲಾಸು ಓದಿದೀಯಂತಲ್ಲವ್ವ, ಹೆಬ್ಬೆಟ್ಟು ಯಾಕೆ?"
ಹಳೇ ಸಮನ್ಸಿನ ಬೆನ್ನ ಮೇಲೆ ಬರೆದು ತೋರಿಸಿದರು:
ನಜ್ಮುನ್ನೀಸಾ.
ಜ ಕೆಳಗೆ ಮ, ನ ಕೆಳಗೆ ನ.
"ಒತ್ತು ಕೊಡು, ಒತ್ತು. ಕೆಳಗೊಬ್ಬ ಹೆಗಲು ಕೊಟ್ರೆ
ಅಕ್ಷರ ಜಾರಲ್ಲ."

ಹದಿಮೂರು ವರ್ಷ, ಅದೇ ಬೆಂಚು.
ನನ್ನ ಕನ್ನಡ ಹೀಗೆ ಬಂತು:
ಮೊದಲು 'ಅರ್ಜಿದಾರಳು', ಆಮೇಲೆ 'ಸದರಿ', ಆಮೇಲೆ 'ಲಗತ್ತಿಸಿದೆ',
ತುಂಬಾ ದಿನಗಳ ಮೇಲೆ
'ಬೆಳುದಿಂಗಳು'.

ತೊಂಬತ್ತೇಳರಲ್ಲಿ ಜಿಲ್ಲೆ ಒಡೆಯಿತು.
ಊರೆಲ್ಲ ಪಟಾಕಿ. ನನ್ನ ಗಂಡ ಖುದ್ದೂಸ್
ಓಣಿಗೆಲ್ಲ ಖಾರಮಂಡಕ್ಕಿ ಹಂಚಿದ.
ನನ್ನ ಕಡತ ಜೀಪಿನಲ್ಲಿ ಕೂತು ದಾವಣಗೆರೆಗೆ ಬಂತು.
ನಾನು ಭಟ್ಟಿ ಬಿಟ್ಟು ಕದಲಿರಲಿಲ್ಲ,
ಗೆರೆಯೇ ಎದ್ದು ಬಂದು ಆನಗೋಡಿನ ಆಚೆ ಮಲಗಿತು.
ಬಾ ಬಾ ಎಂದು ವರ್ಷವರ್ಷ ಕರೆಸುತ್ತಿದ್ದ ಊರು
ಅಂದಿನಿಂದ ಹೊರಗಿನ ಊರು,
ಹೋಗಬೇಕೆಂದರೆ ಅಪ್ಪಣೆ ಬೇಕು.

ಪೌರತ್ವ ಕೇಳಿ ಹಾಕಿದ ಅರ್ಜಿ
ಬೆಂಗಳೂರಿನಲ್ಲೋ ದೆಹಲಿಯಲ್ಲೋ ಪರಿಶೀಲನೆಯಲ್ಲಿದೆ.
ಆ ಪರಿಶೀಲನೆಗೆ ಈಗ
ನನ್ನ ಮೊಮ್ಮಗಳಷ್ಟು ವಯಸ್ಸು.

"ಅಮ್ಮ, ಖಾನೆ ಖಾಲಿ ಬಿಟ್ರೆ ಸಿಸ್ಟಂ ಮುಂದಕ್ಕೆ ಹೋಗಲ್ಲ."
ಕುಸುಮಾ ಪಟ್ಟಿ ಓದಿದಳು: ತಂದೆ, ತಾಯಿ, ಒಡಹುಟ್ಟಿದವರು,
ಮಾವ, ವ್ಯಾಪಾರದ ಪಾಲುದಾರ, ಇತರೆ.
ಇತರೆ, ಅಂದೆ.
ಬೆರಳಚ್ಚಿನ ಯಂತ್ರ ನಾಲ್ಕು ಸಲ ಕೆಂಪಾಯಿತು.
ನಲವತ್ತು ವರ್ಷದ ಬಿಸಿ ಮರಳು
ನನ್ನ ಬೆರಳ ಗೆರೆಗಳನ್ನು
ಯಾರ ಅಪ್ಪಣೆಯನ್ನೂ ಕೇಳದೆ ಅಳಿಸಿದೆ.
ಸೆರಗಿಗೆ ಒರೆಸಿ, ತಲೆಯೆಣ್ಣೆ ಸವರಿ,
ಐದನೆಯದಕ್ಕೆ ಹಸಿರು.

ಪರವಾನಗಿ ಬಂದದ್ದು ಒಂಬತ್ತನೇ ದಿನ, ಒಂದು ದಿನದ್ದು.
ಮಣ್ಣು ಯಾವಾಗಲೋ ಮುಗಿದಿತ್ತು.
ಮಡಿಲಲ್ಲಿ ಎರಡು ಸೇರು ಮಂಡಕ್ಕಿ, ಅವರ ಹೆಂಡತಿಗೆ.
ಭರಮಸಾಗರ ದಾಟುವಾಗ ಗುಡ್ಡಗಳ ಮೇಲೆ ಗಾಳಿಯಂತ್ರ,
ಆಗ ಇವು ಇರಲಿಲ್ಲ.
ಕಂಡಕ್ಟರ್ ಹರಿದು ಕೊಟ್ಟ ಚೀಟಿ ಮಾತ್ರ
ಹೋಗುವ ಊರು ಬರೆದುಕೊಂಡು ಸುಮ್ಮನಾಯಿತು,
ಉದ್ದೇಶ ಕೇಳಲಿಲ್ಲ.

ಮೊದಲು ಆಫೀಸು, ಆಮೇಲೆ ಸಾವಿನ ಮನೆ. ನಿಯಮ.
ಅದೇ ಕಿಟಕಿ. ಬೆಂಚಿದ್ದ ಜಾಗದಲ್ಲಿ ಕುಡಿಯುವ ನೀರಿನ ಯಂತ್ರ.
ಮೀಸೆ ಸರಿಯಾಗಿ ಬಲಿಯದ ಹುಡುಗ ರಿಜಿಸ್ಟರ್ ತಿರುಗಿಸಿ
"ದುರ್ಗಕ್ಕೆ ಇದೇ ಮೊದಲಾ ಅಜ್ಜಿ?" ಅಂದ,
ಉತ್ತರಕ್ಕೆ ಕಾಯದೆ
ಹೆಬ್ಬೆಟ್ಟಿನ ಮಸಿ ಡಬ್ಬಿ ನನ್ನತ್ತ ಸರಿಸಿದ.

ಪೆನ್ನು ಕೊಡಪ್ಪ, ಅಂದೆ.